ಮುಳುಗಿದ ಓಣಿಯ ನಕಾಶೆ

ಕಂಪ್ಯೂಟರ್ ರಿಪೇರಿಗೆಂದು ನವನಗರದ ನಿವೃತ್ತ ಮಾಸ್ತರರೊಬ್ಬರ ಮನೆಗೆ ಹೋಗಿದ್ದೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೆ ಬಾಗಲಕೋಟೆಯ ಓಣಿಗಳನ್ನು ಅವರು ನೆನಪಿನಿಂದಲೇ ಕಂಪ್ಯೂಟರಿನಲ್ಲಿ ನಕಾಶೆಯಾಗಿ ಬರೆದಿದ್ದರು. ಈಗ ಆ ಫೈಲು ತೆರೆಯುತ್ತಿರಲಿಲ್ಲ.

"ಪುಕ್ಕಟೆ ಅವಧಿ ಮುಗದೈತ್ರಿ. ಸಾಫ್ಟ್‌ವೇರ್ ಕೊಂಡರಷ್ಟ ತೆರೀತೈತಿ," ಅಂದೆ.

"ಓಣಿ ನಮ್ಮವು, ಬರದಾಂವ ನಾ. ನೋಡಾಕ ಆ ಕಂಪನಿಯವರ ಅಪ್ಪಣಿ ಯಾಕ ಬೇಕ್ರಿ?"

ಗೊತ್ತಿದ್ದ ಉಪಾಯವನ್ನೆಲ್ಲ ಮಾಡಿ ಸೋತೆ. ಮಾಸ್ತರರು ಎದ್ದು, ದೊಡ್ಡ ಹಾಳೆ ಹಾಸಿ, ಪೆನ್ಸಿಲಿನಿಂದ ಮತ್ತೆ ಮೊದಲ ಓಣಿ ಎಳೆದು ಅದರ ಹೆಸರು ಬರೆದರು.

"ನಮ್ಮ ಮನಿನೂ ಅದ ಓಣ್ಯಾಗ ಇತ್ರಿ," ಅಂದೆ.

"ಹಂಗಾರ ನಿಮ್ಮ ಮನಿ ನೀವ ಬರೀರಿ," ಎಂದು ಪೆನ್ಸಿಲ್ ಕೊಟ್ಟರು.

ಕೀಲಿಮಣೆ ಕುಟ್ಟಿ ರೂಢಿಯಾದ ಕೈ ನನ್ನದು. ಅವ್ವ ಕೂರುತ್ತಿದ್ದ ಕಟ್ಟೆ ತುಸು ಸೊಟ್ಟಗೇ ಬಂತು.