ಬೆನ್ನಿಗೆ ಇಡುವ ಕಾಲು

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಗುಂಡ್ಲುಪೇಟೆ ಕಡೆ ಅಂಥವರ ಕಾಲಿಗೆ ಒಂದು ಕೆಲಸವಿದೆ. ಯಾರಿಗಾದರೂ ಸೊಂಟ ಹಿಡಿದುಕೊಂಡರೆ ಬಂದು ನಮ್ಮ ಹೊಸ್ತಿಲ ಮುಂದೆ ಬೋರಲು ಮಲಗುತ್ತಾರೆ. ನಾವು ಬಲಗಾಲಿನಿಂದ ಮೆಲ್ಲಗೆ ಮೂರು ಸಲ ತುಳಿಯಬೇಕು. ತುಳಿಸಿಕೊಂಡವರು ತಿರುಗಿ ನೋಡದೆ ಎದ್ದು ಹೋಗಬೇಕು. "ಆ ಕಾಲು ಜ್ವಾಪಾನ ಕಣಮ್ಮಿ. ಅದು ನಿಂದಲ್ಲ, ಊರ್ದು" ಎಂದು ಅಜ್ಜಿ ನನಗೆ ಚಿಕ್ಕಂದಿನಲ್ಲೇ ಹೇಳಿಬಿಟ್ಟಿದ್ದಳು.

ಹೋದ ವರ್ಷ ಆ ಕಾಲಿಗೇ ಜೋಮು ಹಿಡಿಯಿತು. ಮೊದಲು ಬೆರಳು, ಆಮೇಲೆ ಪಾದ. ಕೂತು ಎದ್ದಾಗ ಬಂದು ಹೋಗುವ ಜೋಮಲ್ಲ. ಬಂದದ್ದು ಹೋಗಲೇ ಇಲ್ಲ.

"ಊರೋರ ಬೆನ್ನೆಲ್ಲ ತುಳ್ದು ತುಳ್ದು ಸವ್ದೋಗದ ಬುಡು" ಎಂದು ನಮ್ಮ ಯಜಮಾನರು ನಕ್ಕರು. ನಕ್ಕಾದ ಮೇಲೆ, "ಮೈಸೂರ್ಗೆ ಓಗನ, ನರದ ಡಾಕ್ಟ್ರಿಗೆ ತೋರ್ಸನ" ಎಂದರು.

ನನಗೆ ಮನಸ್ಸಿರಲಿಲ್ಲ. ಚಾಮರಾಜನಗರಕ್ಕೆ ಬೆನ್ನುಮೂಳೆ ಸರಿಮಾಡುವ ಕೈರೋಪ್ರಾಕ್ಟಿಕ್ ವಿದ್ಯೆಯವರು ಬಂದಿದ್ದಾರೆ, ಮೂಳೆ ಲಟಕ್ಕೆಂದರೆ ಮೈಯ ಒಂದೊಂದು ಜೀವಕೋಶವೂ ಎದ್ದು ಕೂರುತ್ತದಂತೆ ಎಂದು ಪಕ್ಕದ ಮನೆಯಾಕೆ ಫೋನಿನಲ್ಲಿ ವಿಡಿಯೊ ತೋರಿಸಿದ್ದಳು. ನಮ್ಮ ಪೈಕಿಯ ವಿದ್ಯೆಯೇ ಅನ್ನಿಸಿತು. ಅವರದು ಕೈ, ನನ್ನದು ಕಾಲು, ಅಷ್ಟೆ.

ಬಸ್ಸಿಳಿದು ಹೋಗಿ ಕ್ಲಿನಿಕ್ಕಿನ ಬಾಗಿಲಲ್ಲಿ ಚಪ್ಪಲಿ ಬಿಡಲು ನೋಡಿದರೆ ಒಂದೇ ಇತ್ತು. ಬಲಗಾಲಿನದು ಎಲ್ಲಿ ಕಳಚಿತೋ, ತಿಳಿಯಲೇ ಇಲ್ಲ.

ಆ ಡಾಕ್ಟರು ನನ್ನ ಮಗನ ವಯಸ್ಸಿನವರು. ಮುಖ ಇಡಲು ತೂತಿದ್ದ ಮಂಚದ ಮೇಲೆ ಮಲಗಿಸಿದರು. ಬೋರಲು ಮಲಗುವ ಸರದಿ ನನಗೂ ಬಂತಲ್ಲ ಅಂದುಕೊಂಡೆ. ಬೆನ್ನು ಲಟಲಟ ಎಂದಿತು. ಹಗುರಾಯಿತು, ಸುಳ್ಳು ಹೇಳಬಾರದು. ಕಾಲು ಮಾತ್ರ ಯಾರದೋ ಕಾಲಿನಂತೆ ಮಂಚದ ತುದಿಯಲ್ಲಿತ್ತು.

ಎದ್ದು ಕೂತು ಚಪ್ಪಲಿಯ ಕತೆ ಹೇಳಿದೆ. "ಜೀವಕೋಶ ಎಲ್ಲಾ ಏಳ್ತವಂತಲ್ಲ ಸಾರ್?" ಎಂದೂ ಕೇಳಿದೆ.

ಅವರು ನಗಲಿಲ್ಲ. "ಹಾಗೆ ಹೇಳೋರಿದ್ದಾರೆ ಅಮ್ಮ. ನಾನು ಹೇಳಲ್ಲ. ಚಪ್ಪಲಿ ಬಿದ್ದದ್ದೇ ಗೊತ್ತಾಗಿಲ್ಲ ಅಂದ್ರೆ ಇದು ನನ್ನ ಕೈ ಕೆಲಸ ಅಲ್ಲ. ನರದ ಡಾಕ್ಟರಿಗೆ ತೋರಿಸಿ. ತಡ ಮಾಡ್ಬೇಡಿ."

ತಡ ಮಾಡಿದೆ. ಯಾಕೆಂದು ಕೇಳಿದರೆ ಹೇಳಲಾರೆ. ಹೆದರಿಕೆಯೂ ಆಗಲಿಲ್ಲ, ಅಳುವೂ ಬರಲಿಲ್ಲ. ಸಾರು ಕುದಿಯುತ್ತಿತ್ತು, ಬಟ್ಟೆ ಒಣಗುತ್ತಿತ್ತು, ದಿನ ಹೋಗುತ್ತಿತ್ತು.

ಒಂದು ಬೆಳಿಗ್ಗೆ, ಚೆಂಡುಹೂ ಬೆಳೆಯುವ ನಮ್ಮ ಬೀದಿಯ ಹಿರಿಯರೊಬ್ಬರು ಗೋಡೆ ಹಿಡಿದುಕೊಂಡು ಬಂದು ಹೊಸ್ತಿಲ ಮುಂದೆ ಮಲಗಿಯೇಬಿಟ್ಟರು.

"ಬ್ಯಾಡಿ ದೊಡ್ಡಪ್ಪ. ನನ್ ಕಾಲ್ಗೆ ಯಾನೂ ಗೊತ್ತಾಯ್ತಿಲ್ಲ."

"ನಿನ್ ಕಾಲ್ಗೆ ಗೊತ್ತಾಗ್ದಿದ್ರ ಯಾನವ್ವ? ನನ್ ಬೆನ್ಗೆ ಗೊತ್ತಾದ್ರ ಸಾಕು. ತುಳಿ ಅತ್ಲಾಗೆ."

ತುಳಿದೆ. ಎಷ್ಟು ಒತ್ತುತ್ತಿದ್ದೇನೆ ಎಂಬುದನ್ನು ಕಣ್ಣಲ್ಲೇ ನೋಡಿಕೊಳ್ಳಬೇಕಾಯಿತು. ಅಂಗಿ ಎಷ್ಟು ತಗ್ಗಿತೋ ಅಷ್ಟು. ಅವರು ಮೊಣಕೈ ಊರಿ ಎದ್ದು, ಸೊಂಟದ ಮೇಲೆ ಕೈಯಿಟ್ಟು ಅಂಗಳ ದಾಟಿದರು. ತಿರುಗುವಂತಿಲ್ಲವಲ್ಲ, ಬೆನ್ನನ್ನೇ ಕೇಳಿದೆ:

"ದೊಡ್ಡಪ್ಪ, ನನ್ ಕಾಲು ಎಂಗಿತ್ತು?"

"ತಣ್ಗಿತ್ತು ಕಣವ್ವ. ಬಾವಿ ಕಲ್ಲಿದ್ದಂಗೆ."

ಬಗ್ಗಿ ಮುಟ್ಟಿದೆ. ಕೈಗೆ ಕಾಲು ತಣ್ಣಗೆ ತಗುಲಿತು. ಕಾಲಿಗೆ ಕೈ ತಗುಲಲಿಲ್ಲ.

ಒಳಗೆ ಯಜಮಾನರು ಕಾಫಿ ಕುಡಿಯುತ್ತಿದ್ದರು. "ಮೈಸೂರ್ಗೆ ಓಗನ, ಏಳಿ" ಎಂದೆ.