ಎಡಗೈಯ ಒಂದನೇ ನಂಬರು

ಹೊಲಿಗೆ ಮಿಷನ್ ರಿಪೇರಿಯವರಿಗೆ ಬಾಯಿ ಕಡಿಮೆ, ಕಿವಿ ಚುರುಕು. ಸದ್ದು ಕೇಳಿಯೇ ಯಾವ ಸ್ಕ್ರೂ ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದರು. "ಊರಿಗೆಲ್ಲ ಕಿವಿ, ಮನೆಗೆ ಕಿವುಡು" ಎನ್ನುವುದು ಹೆಂಡತಿಯ ದೂರು. ಸುಳ್ಳೇನಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹವ್ಯಾಸಿಗಳ ಹ್ಯಾಮ್ ರೇಡಿಯೋ ಮುಂದೆ ಕೂತರೆ ಅವರಿಗೆ ಲೋಕದ ಪರಿವೆಯೇ ಇರುತ್ತಿರಲಿಲ್ಲ.

ವರ್ಷಕ್ಕೊಂದು ಸ್ಪರ್ಧೆ. ಬೆಳಿಗ್ಗೆ ಆರರಿಂದ ಸಂಜೆ ಆರರೊಳಗೆ ಮೋರ್ಸ್‌ನಲ್ಲಿ, ಅಂದರೆ ಕೀಲಿ ಬಡಿದು ಕಳಿಸುವ ಕಿರು-ದೀರ್ಘ ಸದ್ದಿನ ಸಂಕೇತದಲ್ಲಿ, ಹೆಚ್ಚು ಜನರನ್ನು ಮಾತಾಡಿಸಿದವರು ಗೆದ್ದಂತೆ. ಇದು ತಮ್ಮ ಎಷ್ಟನೇ ಮಾತುಕತೆ ಎಂದು ಪ್ರತಿಯೊಬ್ಬರೂ ನಂಬರು ಹೇಳಬೇಕು. ಅಂದು ಬ್ಯಾಂಡಿನಲ್ಲಿ, ಅಂದರೆ ರೇಡಿಯೋ ತರಂಗಗಳ ಪಟ್ಟಿಯಲ್ಲಿ, ಕಾಲಿಡಲು ಜಾಗವಿರುವುದಿಲ್ಲ. ಒಳ್ಳೆಯ ಜಾಗ ಸಿಕ್ಕವರು ನೀರು ಕುಡಿಯಲೂ ಏಳುವುದಿಲ್ಲ. ಎದ್ದರೆ ಇನ್ನೊಬ್ಬರು ಬಂದು ಕೂತಿರುತ್ತಾರೆ. ಹೋದ ವರ್ಷ ಮೂರೇ ನಂಬರಿನಿಂದ ಸೋತಿದ್ದ ರಿಪೇರಿಯವರಿಗೆ ಈ ಸಲ ಗೆಲ್ಲಲೇಬೇಕೆಂಬ ಹಟ.

ಬೆಳಿಗ್ಗೆ ಯಾರೋ ಆಮೆ ನಡಿಗೆಯಲ್ಲಿ ತಡವರಿಸುತ್ತ ಕರೆಯುತ್ತಿದ್ದರು. ಹೆಸರು ಮುಗಿಯುವವರೆಗೆ ಯಾರು ಕಾಯುತ್ತಾರೆ ಎಂದು ಇವರು ಗುಂಡಿ ತಿರುಗಿಸಿ ಮುಂದೆ ಹೋದರು.

ಸಂಜೆ ಐದಕ್ಕೆ ಒಳ್ಳೆಯ ಜಾಗ ಸಿಕ್ಕಿತ್ತು. ಹೋದ ವರ್ಷ ಗೆದ್ದವನ ಲೆಕ್ಕ ದಾಟಲು ಇನ್ನು ಹನ್ನೆರಡು ಸಾಕಿತ್ತು. ಆಗ ಅದೇ ತಡವರಿಕೆ ಇವರನ್ನೇ ಕರೆಯಿತು. ಹೇಗೂ ಒಂದು ನಂಬರು ಸಿಗುತ್ತದಲ್ಲ ಎಂದು ಕಾದರು. ಅಕ್ಷರಕ್ಕೆ ಅಕ್ಷರ ಕೂಡಿ ಹೆಸರು ಪೂರ್ತಿಯಾಯಿತು. ಹಡಗಿನಜ್ಜ! ಹಡಗುಗಳಲ್ಲಿ ರೇಡಿಯೋ ನೋಡಿಕೊಂಡಿದ್ದವರು, ಇವರಿಗೆ ಮೋರ್ಸ್ ಕಲಿಸಿದ ಗುರು. ಲಕ್ವ ಹೊಡೆದು ಬಲಗೈ ಬಿದ್ದ ಮೇಲೆ ಅಜ್ಜ ರೇಡಿಯೋ ಬಿಟ್ಟರೆಂದೇ ಇವರು ತಿಳಿದಿದ್ದರು. ಅಜ್ಜ ಎಡಗೈಯಲ್ಲಿ ಬಡಿಯುತ್ತಿದ್ದರು.

ಅಜ್ಜ ಕೊಟ್ಟ ನಂಬರು ಒಂದು.

ಬೆಳಗಿನಿಂದ ಕರೆದಿದ್ದಾರೆ, ಒಬ್ಬರೂ ನಿಂತಿಲ್ಲ. ನಿಲ್ಲದವರಲ್ಲಿ ತಾನೂ ಒಬ್ಬ. ರಿಪೇರಿಯವರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಜ್ಜನಷ್ಟೇ ನಿಧಾನವಾಗಿ ಬಡಿದರು: "ಎಲ್ಲೂ ಹೋಗ್ಬೇಡಿ ಗುರುಗಳೇ. ಈ ಜಾಗ ಇನ್ನು ನಿಮ್ದು." ತಮ್ಮನ್ನು ಮಾತಾಡಿಸಲು ಸಾಲಿನಲ್ಲಿ ಕಾಯುತ್ತಿದ್ದವರಿಗೂ ಹೇಳಿದರು: "ಅಜ್ಜನ್ನ ಮಾತಾಡ್ಸಿ. ಒಬ್ಬೊಬ್ರೇ, ನಿಧಾನಕ್ಕೆ."

ಆಮೇಲೆ ಕೈಕಟ್ಟಿ ಕೂತು ಕೇಳಿದರು. ಬೇರೆ ಜಾಗ ಹುಡುಕಬಹುದಿತ್ತು, ಹುಡುಕಲಿಲ್ಲ. ಅಜ್ಜನಿಂದ ನಂಬರು ಎರಡು ಬಂತು, ತುಸು ಹೊತ್ತಿಗೆ ಮೂರು.

ಆರು ಹೊಡೆದಾಗ ಹೆಂಡತಿ ಬಾಗಿಲಿಗೆ ಬಂದರು.

"ಕೊನೆಗೆ ಎಷ್ಟಾಯ್ತು?"

"ಹದಿನಾಲ್ಕು."

"ಊಟ ಬಿಟ್ಟು ಕೂತಿದ್ದು ಬರೀ ಹದಿನಾಲ್ಕಕ್ಕಾ?"

"ನಂದಲ್ಲ ಕಣೇ, ಗುರುಗಳದ್ದು" ಎಂದರು ರಿಪೇರಿಯವರು. ತಮ್ಮ ಲೆಕ್ಕದ ಕಡೆ ಅವರು ಆಮೇಲೆ ನೋಡಿರಲೇ ಇಲ್ಲ.