ಬಾಗಿಲ ಹಿಂದೆ ಏನಿದೆ ಎಂದು ಬರೆದಿಟ್ಟ ಪುಸ್ತಕ

ಮಂಗಳವಾರ ಬೆಳಿಗ್ಗೆ ಆರಕ್ಕೆ ವರ್ಲಿನ್ ಬ್ರೆಕ್ಕೆ ಎಂಬವನು ತನ್ನ ಮನೆಯ ನೆಲಮಾಳಿಗೆಗೆ ಇಳಿದು, ತೇವ ಹೀರುವ ಯಂತ್ರದ ತೊಟ್ಟಿಯನ್ನು ಎಳೆದು ನೀರನ್ನು ಮೋರಿಗೆ ಸುರಿದ. ಇಪ್ಪತ್ತಾರು ವರ್ಷಗಳಿಂದ ದಿನಕ್ಕೆರಡು ಸಲ ಮಾಡುತ್ತ ಬಂದ ಕೆಲಸ ಅದು. ಆಮೇಲೆ ಪೆಟ್ಟಿಗೆಗಳನ್ನು ಮತ್ತೊಮ್ಮೆ ಎಣಿಸಿದ. ನಲವತ್ತೆರಡು. ಇರಬೇಕಾದದ್ದು ನಲವತ್ತಮೂರು.

ವರ್ಲಿನ್‌ಗೆ ಅರವತ್ತಮೂರು. ವಿಸ್ಕಾನ್ಸಿನ್‌ನ ನಾರ್ಡಾಲ್ ಎಂಬ ಊರಿನ ಚೀಸ್ ಕಾರ್ಖಾನೆಯಲ್ಲಿ ಹಾಲು ಪರೀಕ್ಷಿಸುವ ಕೆಲಸ. ಪೆಟ್ಟಿಗೆಗಳಲ್ಲಿರುವುದು ಹಳೆಯ ಮೇಜಿನಾಟದ ಪುಸ್ತಕಗಳು: ನಿಯಮಗಳು, ನಕ್ಷೆಗಳು, ರಾಕ್ಷಸರ ಪಟ್ಟಿಗಳು. ಮೇಜಿನ ಸುತ್ತ ಕೂತವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ, ಮಾತಿನಲ್ಲೇ ಗುಹೆ ಹೊಕ್ಕು ಹೊರಬರುವ ಆಟ. ಒಬ್ಬ ಮಾತ್ರ ಆಡುವುದಿಲ್ಲ, ಆಡಿಸುತ್ತಾನೆ. ಗುಹೆಯಲ್ಲಿ ಏನೇನಿದೆ ಎಂಬುದು ಅವನೊಬ್ಬನಿಗೇ ಗೊತ್ತು. ನಾರ್ಡಾಲ್‌ನಲ್ಲಿ ಆಡಿಸುವವನು ವರ್ಲಿನ್.

ಪ್ರತಿ ತಿಂಗಳ ಮೊದಲ ಭಾನುವಾರ ಅವನು ಒಂದು ಪೆಟ್ಟಿಗೆ ತೆರೆಯುತ್ತಾನೆ. ಪುಸ್ತಕಗಳನ್ನು ಹೊರಗಿಟ್ಟು, ಮೂಸಿ, ಹಾಳೆ ತಿರುವಿ, ಮತ್ತೆ ಅದೇ ಕ್ರಮದಲ್ಲಿ ಜೋಡಿಸಿ ಮುಚ್ಚುತ್ತಾನೆ. ಒಂದು ಸುತ್ತು ಮುಗಿಯಲು ಮೂರೂವರೆ ವರ್ಷ ಬೇಕು. ಹೀಗಾಗಿ ಒಂದು ಪೆಟ್ಟಿಗೆ ಮಾಯವಾದರೂ ಅದರ ಸರದಿ ಬರುವವರೆಗೆ ತಿಳಿಯುವುದಿಲ್ಲ.

ಯಾವ ಪೆಟ್ಟಿಗೆಯಲ್ಲಿ ಯಾವ ಪುಸ್ತಕ ಎಂಬ ಪಟ್ಟಿ ಇಲ್ಲ. ಅದಕ್ಕೆ ಕಾರಣ ಗಾರ್ಡಿ ಸ್ಟೆಫೆಸ್. ಹಳೆಯ ಗೆಳೆಯ, ಆಟದಲ್ಲಿ ಕುಂಟ ಪುರೋಹಿತ. ೧೯೮೬ರಲ್ಲಿ ಬಿಯರ್ ತರುತ್ತೇನೆಂದು ನೆಲಮಾಳಿಗೆಗೆ ಇಳಿದವನು ಪುಸ್ತಕದಲ್ಲಿ ಇಣುಕಿ, ಆಟದ ಹೆಬ್ಬಾವಿನ ಮರ್ಮಸ್ಥಾನ ತಿಳಿದುಕೊಂಡು ಬಂದಿದ್ದ. ಅಂದಿನಿಂದ ವರ್ಲಿನ್ ಪೆಟ್ಟಿಗೆಗಳ ಮೇಲೆ ಯಾರೂ ಮುಟ್ಟದಂಥ ಹೆಸರು ಬರೆಯತೊಡಗಿದ: ‘ತೆರಿಗೆ ಕಾಗದ ೧೯೮೪’, ‘ಹಳೇ ಪರದೆ’, ‘ಸೋರುವ ಪೈಪು’. ಪಟ್ಟಿ ಬರೆದಿಟ್ಟರೆ ಗಾರ್ಡಿ ಅದನ್ನೂ ಹುಡುಕುತ್ತಾನೆಂದು ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡ. ತಲೆಗೆ ಈಗ ಅರವತ್ತಮೂರು ವರ್ಷ.

ಒಂದು ಪುಸ್ತಕ ಮಾತ್ರ ಶನಿವಾರದೊಳಗೆ ಬೇಕಿತ್ತು, ಅದು ಈ ನಲವತ್ತೆರಡರಲ್ಲಿ ಇರಲಿಲ್ಲ. ೧೯೯೩ರ ನವೆಂಬರಿನಲ್ಲಿ ಕುಂಟ ಪುರೋಹಿತ ಗುಹೆಯ ಕೊನೆಯ ಬಾಗಿಲಿನ ಕಬ್ಬಿಣದ ಬಳೆಗೆ ಕೈ ಹಾಕಿದ್ದ. ಅಷ್ಟರಲ್ಲಿ ಊಟದ ಹೊತ್ತಾಯಿತು. ಮಾರನೆಯ ವಾರ ಜಿಂಕೆ ಬೇಟೆ ಶುರು. ಅದರ ಮುಂದಿನ ವಾರ ಒಬ್ಬನಿಗೆ ಮಗು. ಆಮೇಲೆ ಬೇರೆ ಆಟಗಳು ನಡೆದವು, ಆ ಬಾಗಿಲು ಹಾಗೇ ಉಳಿಯಿತು. ಆರು ವರ್ಷದ ಹಿಂದೆ ಗಾರ್ಡಿಯ ಎದೆ ಕೊಯ್ಯುವ ಮುನ್ನ, ಆಸ್ಪತ್ರೆಯ ಮಂಚದಿಂದಲೇ ಅವನು ಬಾಗಿಲ ಹಿಂದೆ ಏನಿದೆ ಎಂದು ಕೇಳಿದ್ದ. ಹೇಳಿದರೆ ಆಟ ಕೆಡುತ್ತದೆ ಎಂದು ವರ್ಲಿನ್ ಬಾಯಿ ಬಿಟ್ಟಿರಲಿಲ್ಲ. ಗಾರ್ಡಿಯ ಹೆಂಡತಿ ಒಂದು ವರ್ಷ ವರ್ಲಿನ್‌ನೊಡನೆ ಮಾತು ಬಿಟ್ಟಿದ್ದಳು.

ಈಗ ಆ ಹೆಂಡತಿಯ ಮಂಡಿನೋವಿಗಾಗಿ ಗಾರ್ಡಿ ಊರು ಬಿಟ್ಟು, ಚಳಿ ಕಡಿಮೆಯಿರುವ ಅರಿಜೋನಾಕ್ಕೆ ಹೊರಟಿದ್ದಾನೆ. ಭಾನುವಾರ ಸಾಮಾನಿನ ಲಾರಿ ಬರುತ್ತದೆ. ಹಿಂದಿನ ವಾರ ಬಂದು ಅಡುಗೆಮನೆಯಲ್ಲಿ ಕೂತು ಅವನು ಹೇಳಿದ್ದು ಇಷ್ಟೇ: “ಮೂವತ್ತೊಂದು ವರ್ಷದಿಂದ ಆ ಬಾಗ್ಲು ಮುಂದೆ ನಿಂತಿದ್ದೀನಿ ಕಣೋ. ಅದೂ ಕುಂಟುಗಾಲಲ್ಲಿ.”

ಶನಿವಾರ ಒಂದು ಗಂಟೆಗೆ ಆಟ ಎಂದು ನಿಶ್ಚಯವಾಯಿತು. ಹೊಸದಾಗಿ ಏನನ್ನಾದರೂ ಕಟ್ಟಿ ಹೇಳಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆಟಗಾರರು ಬಾಗಿಲಿಗೆ ಬಂದ ಮೇಲೆ ಒಳಗಿನದನ್ನು ಬದಲಿಸುವುದು ಆಡಿಸುವವರಲ್ಲಿ ಮಹಾಪಾಪ. ಹಾಲಿನ ಕೊಬ್ಬಿನ ಅಂಶವನ್ನು ಒಮ್ಮೆ ಬರೆದರೆ ವರ್ಲಿನ್ ತಿದ್ದುವವನಲ್ಲ. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದು ಅವನಿಗೆ ಚೆನ್ನಾಗಿ ನೆನಪಿದೆ. ಏನು ಬರೆದದ್ದು ಎಂಬುದೊಂದು ನೆನಪಿಲ್ಲ.

ಕಾಫಿ ಸೋಸುತ್ತಿದ್ದ ಹೆಂಡತಿ ಕೊರಿನ್‌ಳನ್ನು ವಿಚಾರಿಸಿದ. ಸೆಪ್ಟೆಂಬರಿನಲ್ಲಿ ಒಂದು ಪೆಟ್ಟಿಗೆಯನ್ನು ಚರ್ಚಿಗೆ ಕೊಟ್ಟೆನೆಂದು ಅವಳು ತಣ್ಣಗೆ ಹೇಳಿದಳು. ಚರ್ಚಿನ ಹೆಂಗಸರು ಪ್ರತಿ ಬುಧವಾರ ಕೌದಿ ಹೊಲಿಯುತ್ತಾರೆ, ಅವರಿಗೆ ಬಟ್ಟೆ ಬೇಕಿತ್ತು.

“ತೆಗೆದು ನೋಡ್ಬಾರ್ದಿತ್ತಾ?”

“ಮೇಲೆ ‘ಕೌದಿಗೆ ಬಟ್ಟೆ ಚೂರು’ ಅಂತ ಬರ್ದಿತ್ತು. ನಿನ್ನದೇ ಅಕ್ಷರ. ಗಂಡನ ಮಾತು ನಂಬಿದ್ದು ತಪ್ಪಾಯ್ತು ಬಿಡು.”

ಬುಧವಾರ ಅವನು ಊಟದ ಬಿಡುವಿನಲ್ಲಿ ಚರ್ಚಿಗೆ ಹೋದ. ಕೆಳಗಿನ ಕೋಣೆಯಲ್ಲಿ ಐದಾರು ಹೆಂಗಸರು ಕೌದಿ ಹರಡಿಕೊಂಡಿದ್ದರು. ಅವರ ಮುಂದಾಳು ಆರ್ಡಿಸ್ ಟಾಲೆಫ್ಸನ್. ಎಂಬತ್ತೆರಡು ವರ್ಷ. ಚಿಕ್ಕಂದಿನಲ್ಲಿ ಭಾನುವಾರದ ಬೈಬಲ್ ಪಾಠದಲ್ಲಿ ವರ್ಲಿನ್‌ನ ಕಿವಿ ಹಿಂಡಿದವರು. ಬಟ್ಟೆ ಜಾರದಂತೆ ನಾಲ್ಕು ಮೂಲೆಗೂ ಒಂದೊಂದು ಪುಸ್ತಕ ಹೇರಿದ್ದರು. ಮೂರನೆಯ ಮೂಲೆಯಲ್ಲಿದ್ದದ್ದೇ ಅದು.

ವರ್ಲಿನ್ ಹಾಳೆ ತಿರುವಿದ. ಮೂವತ್ತನಾಲ್ಕನೇ ಪುಟದಲ್ಲಿ ಬಾಗಿಲಿನ ಚಿತ್ರವಿತ್ತು. ಅಂಚು ಬೆಳ್ಳಗಿತ್ತು.

ಆರ್ಡಿಸ್ ವಿವರಿಸಿದರು. ಚರ್ಚಿನ ಸಂತೆಗೆ ಬಂದ ಪುಸ್ತಕಗಳಲ್ಲಿ ಪೆನ್ಸಿಲ್ ಗೀಚಿದ್ದರೆ ಅಳಿಸಿಯೇ ಮಾರುವುದು ಅವರ ಪದ್ಧತಿ. ಈ ಪೆಟ್ಟಿಗೆಗೆ ನಾಲ್ಕು ರಬ್ಬರು ಸವೆದವು. ಆದರೂ ಯಾರೂ ಕೊಳ್ಳಲಿಲ್ಲ, ಭಾರಕ್ಕೆ ಒದಗಿದವು. ವರ್ಲಿನ್ ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಪೆನ್ಸಿಲ್ ಒತ್ತಿದ ಗುರುತಾದರೂ ಇರಬೇಕಿತ್ತು.

“ಅದಕ್ಕೆ ಇಸ್ತ್ರಿ ಹಾಕಿದ್ದೀನಪ್ಪ,” ಎಂದರು ಆರ್ಡಿಸ್. “ಸುರುಟ್ಕೊಂಡಿತ್ತು. ಮೇಲೆ ಬಟ್ಟೆ ಹಾಸಿ, ಬಿಸಿ ಕಮ್ಮಿ ಇಟ್ಟು.”

ಅವನು ಕುರ್ಚಿ ಎಳೆದು ಕೂತ. ವಿಷಯವನ್ನು ಮೊದಲಿನಿಂದ ಹೇಳಬೇಕಾಯಿತು. ಹೆಂಗಸರು ಸೂಜಿ ನಿಲ್ಲಿಸದೆ ಕೇಳಿಸಿಕೊಂಡರು. ಗಾರ್ಡಿ ಕುಂಟುವುದಿಲ್ಲವಲ್ಲ ಎಂದು ಒಬ್ಬರು ಆಕ್ಷೇಪಿಸಿದರು. ಅಷ್ಟು ಉದ್ದದ ಗುಹೆಯಾದರೆ ಬಾಗಿಲ ಹಿಂದೆ ಅಡುಗೆಮನೆಯೇ ಇರಬೇಕು, ರಾಕ್ಷಸರಿಗೂ ಹೊಟ್ಟೆ ಇದೆ ಎಂದರು ಇನ್ನೊಬ್ಬರು. ಆರ್ಡಿಸ್ ದಾರ ಕಡಿದು ಸೂಜಿಯನ್ನು ದಿಂಬಿಗೆ ಚುಚ್ಚಿದರು.

“ಓದದೇನೆ ಅಳಿಸ್ತೀನಿ ಅಂದ್ಕೊಂಡ್ಯಾ? ಏನು ಅಳಿಸ್ತಿದ್ದೀನಿ ಅಂತ ನಂಗೆ ಗೊತ್ತಿರ್ಬೇಡ್ವಾ?”

“ಟೀಚರ್, ಬಾಗ್ಲು ಪಕ್ಕ ಏನಿತ್ತು?”

“‘ಇನ್ನೂ ಹೊಳೆದಿಲ್ಲ. ಶನಿವಾರದೊಳಗೆ ಯೋಚಿಸು.’ ಕೆಳಗೆ ಎರಡು ಗೆರೆ. ಯಾರೋ ಪಾದ್ರಿ ಪ್ರವಚನಕ್ಕೆ ಬರ್ಕೊಂಡಿದ್ದು ಅಂತ ತಿಳ್ಕೊಂಡೆ.”

ವರ್ಲಿನ್‌ಗೆ ಆಸ್ಪತ್ರೆಯ ಮಂಚ ನೆನಪಾಯಿತು. ಅಲ್ಲಿ ತಾನು ತುಟಿ ಬಿಗಿದುಕೊಂಡು, ಹೇಳುವುದಿಲ್ಲವೆಂದು ತಲೆಯಾಡಿಸಿದ್ದು ನೆನಪಾಯಿತು. ಇದನ್ನು ಗಾರ್ಡಿಗೆ ತಿಳಿಸಬೇಡಿ ಎಂದು ಕೇಳಿಕೊಂಡ. ಆರ್ಡಿಸ್ ತಾವಾಗಿ ಹೇಳುವುದಿಲ್ಲ, ಕೇಳಿದರೆ ಸುಳ್ಳಾಡುವುದೂ ಇಲ್ಲ ಎಂದರು.

“ಬರ್ದಿದ್ದು ಬದ್ಲಾಯಿಸಲ್ಲ ಅಂತೀಯಲ್ಲ,” ಎಂದರು ಆಮೇಲೆ. “ಹಾಗಿದ್ರೆ ಬರ್ದಿದ್ದಷ್ಟು ಮಾಡು. ಶನಿವಾರಕ್ಕೆ ಇನ್ನೂ ಮೂರು ದಿನ ಇದೆ.”

ಸಂಜೆ ಗಾರ್ಡಿಯ ಫೋನು ಬಂತು. ಪುಸ್ತಕ ಸಿಕ್ಕಿತೇ ಎಂದು ಕೇಳಿದ. ಸಿಕ್ಕಿತು ಎಂದ ವರ್ಲಿನ್. ಅದರಲ್ಲಿ ಬರೆದಿತ್ತೇ ಎಂದು ಕೇಳಿದ. ಬರೆದಿತ್ತು ಎಂದ.

“ನಾನು ಸಾಯ್ತೀನಾ?”

“ಶನಿವಾರ ಬಾ.”

“ಅಷ್ಟಾದ್ರೂ ಹೇಳೋ, ಮಾರಾಯ. ಸಾಯೋದಾದ್ರೆ ಹೊಸ ದಾಳ ತರ್ತೀನಿ, ಹಳೇದಕ್ಕೆ ಅದೃಷ್ಟ ಇಲ್ಲ.”

“ತಗೊಂಡ್ ಬಾ,” ಎಂದ ವರ್ಲಿನ್. ಅದನ್ನು ಯಾವ ಅರ್ಥದಲ್ಲಿ ಹೇಳಿದೆ ಎಂದು ಅವನಿಗೇ ತಿಳಿದಿರಲಿಲ್ಲ.

ಗುರುವಾರ ಮತ್ತು ಶುಕ್ರವಾರ ಅವನು ಕಾರ್ಖಾನೆಗೆ ರಜೆ ಹಾಕಿದ್ದಾನೆ. ಹನ್ನೊಂದು ವರ್ಷಗಳಲ್ಲಿ ಇದು ಮೊದಲ ರಜೆ. ಕಾರಣ ಎಂಬ ಜಾಗದಲ್ಲಿ ‘ಯೋಚಿಸುವುದು’ ಎಂದು ಬರೆದಿದ್ದಾನೆ, ಮೇಲಿನವರು ಒಪ್ಪಿ ರುಜು ಹಾಕಿದ್ದಾರೆ.